ಕೊನೆಯವರ ಹದಿನೈದು ನಿಮಿಷ

ಗೋಷ್ಠಿಯ ಅಧ್ಯಕ್ಷತೆ ಎಂದರೆ ಹೆಸರು ಓದುವುದು, ನಡುನಡುವೆ ಗಡಿಯಾರ ನೋಡುವುದು, ಕೊನೆಗೆ ವಂದನೆ ಹೇಳುವುದು, ಅಷ್ಟೇ ಎಂದು ನಂಬಿದವರು ವಿಜ್ಞಾನ ಸಮ್ಮೇಳನಗಳಲ್ಲಿ ಬಹಳ ಮಂದಿ ಸಿಗುತ್ತಾರೆ. ದೊಡ್ಡ ಹೆಸರಿನವರೊಬ್ಬರನ್ನು ಆ ಕುರ್ಚಿಯಲ್ಲಿ ಕೂರಿಸಿದರೆ ಗೋಷ್ಠಿಗೆ ಕಳೆ ಬಂತೆಂದು ಸಂಘಟಕರೂ ನೆಮ್ಮದಿಪಡುತ್ತಾರೆ. ನನಗೆ ಈ ನಂಬಿಕೆಯ ಮೇಲೆ ತಕರಾರಿದೆ. ಅದು ದುಡಿಯುವವರ ಕುರ್ಚಿ. ಅದರಲ್ಲಿ ಕುಳಿತವರು ಸುಮ್ಮನಿದ್ದರೆ ಯಾರಿಗೋ ಅನ್ಯಾಯವಾಗುತ್ತದೆ, ಮತ್ತು ಅನ್ಯಾಯಕ್ಕೊಳಗಾದವರು ಸಾಮಾನ್ಯವಾಗಿ ಸಭೆಯಲ್ಲಿ ಎಲ್ಲರಿಗಿಂತ ಕಿರಿಯರಾಗಿರುತ್ತಾರೆ.

ಸಂಶೋಧನಾ ವಿದ್ಯಾರ್ಥಿನಿಯಾಗಿದ್ದಾಗ ನಾನು ಮೊದಲ ಸಲ ಪ್ರಬಂಧ ಮಂಡಿಸಿದ ಗೋಷ್ಠಿಯಲ್ಲಿ ಆರು ಜನರಿದ್ದೆವು. ಒಬ್ಬೊಬ್ಬರಿಗೆ 15 ನಿಮಿಷ: 12 ನಿಮಿಷ ಮಾತಿಗೆ, 3 ನಿಮಿಷ ಪ್ರಶ್ನೆಗೆ. ನನ್ನದು ಆರನೆಯ ಸರದಿ. ಮೊದಲು ಮಾತನಾಡಿದ ಹಿರಿಯರಿಗೆ 12 ನಿಮಿಷ ಪೀಠಿಕೆಗೇ ಸಾಲಲಿಲ್ಲ. ಅಧ್ಯಕ್ಷರು ನಗುಮುಖದಿಂದ ಕೇಳುತ್ತಾ ಕುಳಿತರು. ಆ ಸಲಿಗೆ ತಮಗೂ ಉಂಟೆಂದು ಎರಡನೆಯವರು ತಿಳಿದರು, ಮೂರನೆಯವರೂ ತಿಳಿದರು. ನಾನು ವೇದಿಕೆ ಹತ್ತುವ ಹೊತ್ತಿಗೆ ಉಳಿದದ್ದು 5 ನಿಮಿಷ. ಬಾಗಿಲಾಚೆ ಊಟದ ತಟ್ಟೆಗಳನ್ನು ಜೋಡಿಸುವ ಸದ್ದು ಕೇಳುತ್ತಿತ್ತು. "ಬೇಗ ಮುಗಿಸಿಬಿಡಮ್ಮ" ಎಂದರು ಅಧ್ಯಕ್ಷರು. ಮೂರು ವರ್ಷಗಳ ಕೆಲಸವನ್ನು ಸ್ಲೈಡ್‌ಗಳನ್ನು ಹಾರಿಸುತ್ತಾ ಹೇಳಿದೆ. ಎಲ್ಲಕ್ಕಿಂತ ಮುಖ್ಯವಾದ ನಕ್ಷೆ ತೆರೆಯ ಮೇಲೆ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಒಂದೇ ಒಂದು ಪ್ರಶ್ನೆಗೂ ಸಮಯವಿರಲಿಲ್ಲ.

ಆ ಅಧ್ಯಕ್ಷರು ಕೆಟ್ಟವರೇನಲ್ಲ. ಹಿರಿಯರ ಮಾತನ್ನು ತಡೆಯಲು ಸಂಕೋಚಪಟ್ಟರು. ಆದರೆ ಲೆಕ್ಕ ಹಾಕಿ ನೋಡಿ: ಐದು ಜನ ಸರಾಸರಿ ಎರಡೆರಡು ನಿಮಿಷ ಮೀರಿದರೆ ಸಾಕು, ಆರನೆಯವರಿಗೆ 15ರಲ್ಲಿ 5 ಉಳಿಯುತ್ತದೆ. ಎರಡು ನಿಮಿಷವನ್ನು ಯಾರೂ ದೊಡ್ಡದೆಂದು ಎಣಿಸುವುದಿಲ್ಲ. ಅಧ್ಯಕ್ಷರು ತೋರಿಸಿದ ದಾಕ್ಷಿಣ್ಯದ ಸಾಲವನ್ನೆಲ್ಲ ಕೊನೆಯವರು ತೀರಿಸಬೇಕಾಗುತ್ತದೆ.

ಇದನ್ನು ವಿದ್ಯಾರ್ಥಿಗಳ ಸಣ್ಣ ಗೋಳು ಎನ್ನುವವರಿಗೆ 1935ರ ಎರಡು ಸಭೆಗಳನ್ನು ನೆನಪಿಸಬೇಕು. ಆ ವರ್ಷದ ಜನವರಿ 11ರಂದು ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯಲ್ಲಿ 24 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್, ಇಂಧನ ಮುಗಿದು ಕುಗ್ಗಿದ ಶ್ವೇತಕುಬ್ಜ ನಕ್ಷತ್ರಗಳ ದ್ರವ್ಯರಾಶಿಗೆ ಒಂದು ಮಿತಿ ಇದೆ ಎಂಬ ತಮ್ಮ ಲೆಕ್ಕಾಚಾರವನ್ನು ಮಂಡಿಸಿದರು. ಅವರ ಬೆನ್ನಿಗೇ ಎದ್ದು ನಿಂತ ಹೆಸರಾಂತ ಖಗೋಳವಿಜ್ಞಾನಿ ಆರ್ಥರ್ ಎಡಿಂಗ್ಟನ್ ಅದನ್ನು ಗೇಲಿ ಮಾಡಿದರು, ಸಭೆ ನಕ್ಕಿತು. ಅದೇ ಬೇಸಿಗೆಯಲ್ಲಿ ಪ್ಯಾರಿಸ್‌ನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮ್ಮೇಳನ ನಡೆಯಿತು. ಅಲ್ಲಿ ಎಡಿಂಗ್ಟನ್ ಸುಮಾರು ಒಂದು ಗಂಟೆ ಮಾತನಾಡಿ ಚಂದ್ರಶೇಖರರ ವಾದವನ್ನು ಮತ್ತೆ ಅಲ್ಲಗಳೆದರು. ಗೋಷ್ಠಿಯ ಅಧ್ಯಕ್ಷರು ಅಮೆರಿಕದ ಖಗೋಳವಿಜ್ಞಾನಿ ಹೆನ್ರಿ ನಾರಿಸ್ ರಸೆಲ್. ಉತ್ತರ ಕೊಡಲು ಅವಕಾಶ ಬೇಕೆಂದು ಚಂದ್ರಶೇಖರ್ ಅವರಿಗೊಂದು ಚೀಟಿ ಕಳಿಸಿದರು. ಮಾತನಾಡದಿರುವುದೇ ಲೇಸು ಎಂಬ ಅರ್ಥದ ಮರುಚೀಟಿ ಬಂತು. ಎಡಿಂಗ್ಟನ್ ಹೇಳುವುದನ್ನು ತಾವು ನಂಬುವುದಿಲ್ಲ ಎಂದು ರಸೆಲ್ ಖಾಸಗಿಯಾಗಿ ಚಂದ್ರಶೇಖರರಿಗೆ ಹೇಳಿದ್ದರಂತೆ. ನನಗೆ ಹೆಚ್ಚು ನೋವಾಗುವುದು ಇಲ್ಲಿಯೇ. ಅಧ್ಯಕ್ಷರೇ ಯಾರ ಮಾತನ್ನು ನಂಬಿರಲಿಲ್ಲವೋ ಅವರಿಗೆ ಒಂದು ಗಂಟೆ ಸಿಕ್ಕಿತು, ಸರಿಯಿದ್ದ ಯುವಕನಿಗೆ ಐದು ನಿಮಿಷವೂ ಸಿಗಲಿಲ್ಲ. ಚಂದ್ರಶೇಖರರ ಮಿತಿ ಇಂದು ಪಠ್ಯಪುಸ್ತಕದಲ್ಲಿದೆ, 1983ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಅದರಿಂದ ಆ ಚೀಟಿ ಸರಿಯಾಗಿಬಿಡುವುದಿಲ್ಲ. ರಸೆಲ್ ಎಡಿಂಗ್ಟನ್ನರನ್ನು ಎದುರಿಸಬೇಕಾಗಿರಲಿಲ್ಲ, ಚಂದ್ರಶೇಖರರ ಪಕ್ಷ ಹಿಡಿಯಬೇಕಾಗಿಯೂ ಇರಲಿಲ್ಲ. ಹೆಸರು ಕರೆದು ಮೈಕ್ ಕೊಟ್ಟಿದ್ದರೆ ಸಾಕಿತ್ತು.

ಇದಕ್ಕೆ ತದ್ವಿರುದ್ಧವಾಗಿ ನನಗೆ ನೆನಪಾಗುವವರು ಡಚ್ ಭೌತವಿಜ್ಞಾನಿ ಹೆಂಡ್ರಿಕ್ ಲೊರೆಂಟ್ಸ್. ಭೌತವಿಜ್ಞಾನದ ಘಟಾನುಘಟಿಗಳು ಸೇರುತ್ತಿದ್ದ ಸಾಲ್ವೆ ಸಮ್ಮೇಳನಗಳಲ್ಲಿ 1911ರ ಮೊದಲನೆಯದರಿಂದ 1927ರ ಐದನೆಯದರವರೆಗೆ ಅಧ್ಯಕ್ಷತೆ ಅವರದೇ. ಜರ್ಮನ್, ಫ್ರೆಂಚ್, ಇಂಗ್ಲಿಷ್ ಮೂರರಲ್ಲೂ ಸಲೀಸಾಗಿ ಮಾತನಾಡಬಲ್ಲವರಾಗಿದ್ದರಿಂದ ಒಬ್ಬರ ವಾದವನ್ನು ಇನ್ನೊಬ್ಬರಿಗೆ ಮುಟ್ಟಿಸುತ್ತಿದ್ದರು. ಮೊದಲ ಸಮ್ಮೇಳನದ ನಂತರ ಐನ್‌ಸ್ಟೈನ್ ಗೆಳೆಯರೊಬ್ಬರಿಗೆ ಬರೆದ ಪತ್ರದಲ್ಲಿ ಈ ಅಧ್ಯಕ್ಷತೆಯ ಜಾಣ್ಮೆಯನ್ನು ಮನಸಾರೆ ಹೊಗಳಿದ್ದಾರೆ. 1927ರಲ್ಲಿ ಕ್ವಾಂಟಮ್ ಸಿದ್ಧಾಂತದ ಚರ್ಚೆ ಬಿಸಿಯೇರಿ ಎಲ್ಲರೂ ಒಟ್ಟಿಗೆ ಮಾತನಾಡತೊಡಗಿದಾಗ ಭೌತವಿಜ್ಞಾನಿ ಪೌಲ್ ಎಹ್ರೆನ್‌ಫೆಸ್ಟ್ ಎದ್ದುಹೋಗಿ ಕಪ್ಪು ಹಲಗೆಯ ಮೇಲೆ ದೇವರು ಜನರ ಭಾಷೆಯನ್ನು ಕಲಸಿಬಿಟ್ಟ ಎಂಬ, ಬೈಬಲ್ಲಿನ ಬಾಬೆಲ್ ಗೋಪುರದ ಕಥೆಯ ಸಾಲನ್ನು ಬರೆದರಂತೆ. ಅಂಥ ಸಭೆಯನ್ನು ಹಿಡಿತದಲ್ಲಿಡಲು ವಿಷಯಜ್ಞಾನವೊಂದೇ ಸಾಲದು, ಪ್ರತಿಯೊಬ್ಬರೂ ಏನು ಹೇಳಲು ಹೊರಟಿದ್ದಾರೆಂದು ಕಿವಿಗೊಟ್ಟು ಕೇಳುವ ತಾಳ್ಮೆ ಬೇಕು.

ಅಧ್ಯಕ್ಷರ ಕೆಲಸ ಗೋಷ್ಠಿಯ ದಿನ ಶುರುವಾಗುವುದಿಲ್ಲ, ತಿಂಗಳುಗಟ್ಟಲೆ ಮೊದಲೇ ಶುರುವಾಗುತ್ತದೆ. ಯಾರನ್ನು ಕರೆಯಬೇಕು ಎಂದು ಪಟ್ಟಿ ಬರೆಯಲು ಕುಳಿತರೆ ಕೈ ತಾನಾಗಿಯೇ ಪರಿಚಿತರ ಹೆಸರುಗಳನ್ನು ಬರೆಯುತ್ತದೆ. ಆದ್ದರಿಂದ ಆ ಮೇಜಿನ ಸುತ್ತ ಯಾರಿದ್ದಾರೆ ಎಂಬುದು ಮುಖ್ಯ. ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನ ಸಂಘದ ಸಮ್ಮೇಳನಗಳ 460 ಗೋಷ್ಠಿಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಸಂಚಾಲಕರಲ್ಲಿ ಒಬ್ಬ ಮಹಿಳೆಯಾದರೂ ಇದ್ದ ಗೋಷ್ಠಿಗಳಲ್ಲಿ ಮಹಿಳಾ ಭಾಷಣಕಾರರ ಪಾಲು, ಪುರುಷರೇ ನಡೆಸಿದ ಗೋಷ್ಠಿಗಳಿಗಿಂತ ಶೇಕಡ 72ರಷ್ಟು ಹೆಚ್ಚಿತ್ತು. ಬೇಕೆಂದೇ ಯಾರನ್ನೋ ದೂರವಿಟ್ಟರು ಎಂದು ಇದರಿಂದ ಹೇಳಲಾಗದು. ನೆನಪಿಗೆ ಬರುವ ಹೆಸರುಗಳು ಬೇರೆಯಾಗುತ್ತವೆ, ಅಷ್ಟೇ. ಸಂಚಾಲಕರು ತಮ್ಮದೇ ಪ್ರಯೋಗಾಲಯದವರಿಗೆ ಸರದಿ ಹಂಚಿಕೊಳ್ಳುವುದನ್ನೂ ನೋಡಿದ್ದೇನೆ. ಅದಕ್ಕೆ ಸಮರ್ಥನೆಯೇ ಇಲ್ಲ.

ಸರದಿಯ ಕ್ರಮವನ್ನು ಬಹುತೇಕರು ಗಂಭೀರವಾಗಿ ಪರಿಗಣಿಸುವುದಿಲ್ಲ. ಪ್ರಬಂಧಗಳ ಸಾರಾಂಶಗಳು ಬಂದ ಕ್ರಮದಲ್ಲೋ ಹಿರಿತನದ ಕ್ರಮದಲ್ಲೋ ಜೋಡಿಸಿ ಕೈತೊಳೆದುಕೊಳ್ಳುತ್ತಾರೆ. ನಾನು ಎಲ್ಲ ಸಾರಾಂಶಗಳನ್ನೂ ಅಚ್ಚು ಹಾಕಿಸಿಕೊಂಡು ಮೇಜಿನ ಮೇಲೆ ಹರಡಿ ಓದುತ್ತೇನೆ. ಒಬ್ಬರು ಎತ್ತಿದ ಪ್ರಶ್ನೆಗೆ ಇನ್ನೊಬ್ಬರ ಬಳಿ ಅರ್ಧ ಉತ್ತರ ಇರುತ್ತದೆ, ಅವರಿಬ್ಬರನ್ನು ಅಕ್ಕಪಕ್ಕ ಇಟ್ಟರೆ ಗೋಷ್ಠಿಗೆ ಜೀವ ಬರುತ್ತದೆ. ಪರಸ್ಪರ ವಿರೋಧಿಸುವ ಎರಡು ಪ್ರಬಂಧಗಳು ಸಿಕ್ಕರಂತೂ ಅದೃಷ್ಟ. ಅವೆರಡರ ನಂತರ ಚರ್ಚೆಗೆಂದೇ 10 ನಿಮಿಷ ಬಿಟ್ಟುಬಿಡುತ್ತೇನೆ.

ಗೋಷ್ಠಿಯ ದಿನ 20 ನಿಮಿಷ ಮೊದಲೇ ಸಭಾಂಗಣದಲ್ಲಿರಬೇಕು. ಸ್ಲೈಡ್‌ಗಳೆಲ್ಲ ತೆರೆದುಕೊಳ್ಳುತ್ತವೆಯೇ, ಮೈಕ್ ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕು. ಪ್ರತಿಯೊಬ್ಬರ ಹೆಸರನ್ನೂ ಹೇಗೆ ಉಚ್ಚರಿಸಬೇಕೆಂದು ಅವರನ್ನೇ ಕೇಳಬೇಕು. ತಪ್ಪು ಹೆಸರಿನಿಂದ ಪರಿಚಯಿಸಲ್ಪಟ್ಟವರ ಮುಖ ಒಂದು ಕ್ಷಣ ಕಳೆಗುಂದುವುದನ್ನು ಕಂಡವರು ಇದನ್ನು ಮರೆಯುವುದಿಲ್ಲ. ಸಮಯದ ಚೀಟಿಗಳನ್ನು ಎಲ್ಲರಿಗೂ ಮೊದಲೇ ತೋರಿಸಿ, "ಸಮಯ ಮುಗಿದ ಕೂಡಲೇ ನಾನು ಎದ್ದು ನಿಲ್ಲುತ್ತೇನೆ" ಎಂದು ಹೇಳಿಬಿಡುತ್ತೇನೆ. ಹೇಳಿದ ಮೇಲೆ ಎದ್ದು ನಿಲ್ಲಲೇಬೇಕು, ಮೊದಲ ಭಾಷಣಕಾರರಿಗೇ ನಿಲ್ಲಬೇಕು, ಅವರು ಎಷ್ಟೇ ದೊಡ್ಡವರಾಗಿರಲಿ. ಮೊದಲನೆಯವರು ಸಮಯಕ್ಕೆ ಮುಗಿಸಿದರೆ ಉಳಿದ ಐವರೂ ಮುಗಿಸುತ್ತಾರೆ.

ಯಾರಾದರೂ ಬಾರದಿದ್ದರೆ ಮುಂದಿನವರನ್ನು ಬೇಗ ಕರೆಯಬಾರದು. ಪಕ್ಕದ ಸಭಾಂಗಣಗಳಿಂದ ಆ ಹೊತ್ತಿಗೆಂದೇ ಓಡಿ ಬರುವವರು ಇರುತ್ತಾರೆ.

ಇನ್ನು ಪ್ರಶ್ನೋತ್ತರ. ಮೊದಲ ಸಾಲಿನಲ್ಲಿ ಕುಳಿತವರ ಕೈ ಮೊದಲು ಮೇಲೇಳುತ್ತದೆ, ಅಧ್ಯಕ್ಷರ ಕಣ್ಣಿಗೂ ಅದೇ ಮೊದಲು ಬೀಳುತ್ತದೆ. ಹತ್ತು ದೇಶಗಳ 247 ವಿಚಾರಗೋಷ್ಠಿಗಳನ್ನು ಗಮನಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲ ಪ್ರಶ್ನೆ ಪುರುಷರಿಂದ ಬಂದಾಗ ಆಮೇಲೆ ಮಹಿಳೆಯರಿಂದ ಬರುವ ಪ್ರಶ್ನೆಗಳ ಪ್ರಮಾಣ ಕಡಿಮೆಯಿತ್ತು. ಅದನ್ನು ಓದಿದಾಗಿನಿಂದ ನಾನು ಹಿಂದಿನ ಸಾಲುಗಳತ್ತ ನೋಡಿ, ಐದು ಸೆಕೆಂಡ್ ಸುಮ್ಮನೆ ಕಾಯುತ್ತೇನೆ. ಆ ಮೌನ ಅಧ್ಯಕ್ಷರಿಗೆ ಕಷ್ಟ, ಆದರೆ ಧೈರ್ಯ ತಂದುಕೊಳ್ಳುತ್ತಿರುವ ವಿದ್ಯಾರ್ಥಿಗೆ ಅದು ಬೇಕೇ ಬೇಕು. ಯಾವ ಕೈಯೂ ಏಳದಿದ್ದರೆ ಕೇಳಲು ಪ್ರತಿಯೊಂದು ಪ್ರಬಂಧಕ್ಕೂ ನನ್ನದೊಂದು ಪ್ರಶ್ನೆ ಸಿದ್ಧವಿರುತ್ತದೆ. ಇನ್ನು "ಪ್ರಶ್ನೆಯಲ್ಲ, ಒಂದು ಅಭಿಪ್ರಾಯ" ಎಂದು ಎದ್ದು ತಮ್ಮದೇ ಸಂಶೋಧನೆಯ ಕಥೆ ಹೇಳತೊಡಗುವವರನ್ನು ನಾನು ತಡೆಯುತ್ತೇನೆ. ಮೊದಮೊದಲು ಧ್ವನಿ ನಡುಗುತ್ತಿತ್ತು, ಈಗ ಇಲ್ಲ. ಆ 3 ನಿಮಿಷ ಭಾಷಣಕಾರರದು, ಅದನ್ನು ಬೇರೆಯವರಿಗೆ ದಾನ ಮಾಡುವ ಹಕ್ಕು ನನಗಿಲ್ಲ.

ಮುಂದಿನ ಸಮ್ಮೇಳನದ ಗೋಷ್ಠಿಯ ಪಟ್ಟಿಯನ್ನು ಈ ವಾರ ಕಳಿಸಬೇಕು. ಮೊದಲ ಸಲ ಮಾತನಾಡುತ್ತಿರುವ ವಿದ್ಯಾರ್ಥಿನಿಯನ್ನು ಎರಡನೆಯ ಸರದಿಗೆ ಇಟ್ಟಿದ್ದೇನೆ, ಆಹ್ವಾನಿತರಲ್ಲಿ ಎಲ್ಲರಿಗಿಂತ ಹಿರಿಯರಾದವರನ್ನು ಆರನೆಯದಕ್ಕೆ. ಹೀಗೇಕೆ ಮಾಡಿದೆ ಎಂದು ಅವರಿಗೆ ಪತ್ರ ಬರೆದು ವಿವರಿಸಿದ್ದೆ. ನಿನ್ನೆ ಉತ್ತರ ಬಂತು: "ಸಮಯ ಸಾಲದಿದ್ದರೆ ನನ್ನ ಮಾತನ್ನು ಕಡಿಮೆ ಮಾಡಿ, ಆ ಹುಡುಗಿಗೆ ಬರುವ ಪ್ರಶ್ನೆಗಳನ್ನು ಮಾತ್ರ ನಿಲ್ಲಿಸಬೇಡಿ." ನಿಲ್ಲಿಸುವುದಿಲ್ಲ, ಸರ್. ನಿಮ್ಮ 15 ನಿಮಿಷವನ್ನೂ ಯಾರಿಗೂ ಬಿಟ್ಟುಕೊಡುವುದಿಲ್ಲ.