"ನೀವೇ ನೋಡಿ ಕೊಡಿ, ಅಕ್ಕ"

ಕಳೆದ ವರ್ಷ ಮೇ ತಿಂಗಳಲ್ಲಿ ಅಣ್ಣನ ಮಗನ ಮದುವೆ, ವಿರಾಜಪೇಟೆಯಲ್ಲಿ. ಗಂಗಾಪೂಜೆ ಮುಗಿಯುವಾಗ ರಾತ್ರಿ 11 ಗಂಟೆ. ಕೊಡವರ ಮದುವೆ ನೋಡಿದವರಿಗೆ ಇದು ಗೊತ್ತು. ಮದುಮಗಳು ನೀರಿನ ಬಿಂದಿಗೆ ತಲೆ ಮೇಲೆ ಹೊತ್ತು ಬಾವಿ ಕಡೆಯಿಂದ ಬರುತ್ತಾಳೆ. ಗಂಡಿನ ಕಡೆಯವರು ಅವಳ ಮುಂದೆ ವಾಲಗಕ್ಕೆ ಕುಣಿಯುತ್ತಾ ದಾರಿ ಬಿಡುವುದಿಲ್ಲ. ನಾಲ್ಕು ಮಾರು ದೂರಕ್ಕೆ ಮೂರು ಗಂಟೆ. ನಾನೂ ಕುಣಿದೆ, ಸುಳ್ಳು ಯಾಕೆ ಹೇಳಲಿ.

ಹೊರಗೆ ಬಂದಾಗ ನಾವು ಬಾಡಿಗೆಗೆ ಕರೆದಿದ್ದ ಎರ್ಟಿಗಾ ಬಾಗಿಲು ತೆರೆದಿಟ್ಟುಕೊಂಡು ಡ್ರೈವರ್ ತೂಕಡಿಸುತ್ತಿದ್ದರು. ಬೆಳಿಗ್ಗೆ 6ಕ್ಕೆ ಬಂದವರು. ದೊಡ್ಡಮ್ಮನವರನ್ನು ಕರೆತಂದರು, ಹೂವು ತಂದರು, ಮರೆತುಹೋದ ಸೀರೆ ತರಲು ನಾಪೋಕ್ಲಿಗೆ ಇನ್ನೊಮ್ಮೆ ಓಡಿದರು. ನಮ್ಮನ್ನು ಮನೆ ತಲುಪಿಸಿದಾಗ 11.30. "ಎಷ್ಟಾಯ್ತಣ್ಣ?" ಅಂದೆ. "ನೀವೇ ನೋಡಿ ಕೊಡಿ, ಅಕ್ಕ" ಅಂದರು.

ನಾನು ನೋಡಿದೆ. 4,000 ಕೊಟ್ಟೆ. ಅವರು ಎಣಿಸಿದರು, ಜೇಬಿಗೆ ಹಾಕಲಿಲ್ಲ, ಕೈಯಲ್ಲೇ ಹಿಡಿದುಕೊಂಡು ನಿಂತರು. ಕೊನೆಗೆ ನೆಲ ನೋಡುತ್ತಾ "6,500 ಆಗ್ತದೆ ಅಕ್ಕ" ಅಂದರು. ಅಷ್ಟು ಸಾಕಿತ್ತು. ಜಗಲಿಯಲ್ಲಿ ಕೂತಿದ್ದ ನಮ್ಮ ಚಿಕ್ಕಪ್ಪ ಎದ್ದೇ ಬಂದರು. "ಊರವನೇ ಆಗಿ ಹೀಗೆ ಸುಲಿಯೋದಾ" ಅಂತ ಶುರುವಾದದ್ದು ಎಲ್ಲೆಲ್ಲಿಗೋ ಹೋಯಿತು. ಡ್ರೈವರ್ 5,000 ತೆಗೆದುಕೊಂಡು, ಮುಖ ತಿರುಗಿಸಿಕೊಂಡು ಹೋದರು. ಅದೇ ಊರಿನಲ್ಲಿ ನಾಳೆ ನಾವಿಬ್ಬರೂ ಒಬ್ಬರಿಗೊಬ್ಬರು ಸಿಗಬೇಕಲ್ಲ.

ನಿದ್ದೆ ಬರಲಿಲ್ಲ. ಎದ್ದು ಲೆಕ್ಕ ಹಾಕಿದೆ. ನಮ್ಮ ಕಡೆ ಟ್ಯಾಕ್ಸಿಯವರು ಹೇಳುವ ಲೋಕಲ್ ಪ್ಯಾಕೇಜ್ 8 ಗಂಟೆ, 80 ಕಿ.ಮೀ. ಆ ಗಾಡಿಗೆ 2,800 ಅಂತ ಸ್ಟ್ಯಾಂಡಿನಲ್ಲಿ ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಓಡಿದ್ದು 142 ಕಿ.ಮೀ. ನಿಂತದ್ದೂ ಓಡಿದ್ದೂ ಸೇರಿ 17.5 ಗಂಟೆ. ಜಾಸ್ತಿ ಆದ 9.5 ಗಂಟೆಗೆ 200ರಂತೆ 1,900. ಜಾಸ್ತಿ 62 ಕಿ.ಮೀ.ಗೆ 18ರಂತೆ 1,116. ಡ್ರೈವರ್ ಊಟ-ಖರ್ಚಿನ ಬಾಟಾ 500. ಒಟ್ಟು 6,316. ಅವರು ಕೇಳಿದ್ದು 6,500. ಸುಲಿಗೆ ಅಂತ ನಾವು ಕೂಗಾಡಿದ್ದು 184 ರೂಪಾಯಿಗೆ. ಬೆಳಿಗ್ಗೆ ಚಿಕ್ಕಪ್ಪನಿಗೆ ಹೇಳಿದರೆ "ಮೊದಲೇ ಹೇಳಬೇಕಿತ್ತಪ್ಪ ಅವನು" ಅಂದರು. ಅದು ಮಾತ್ರ ನಿಜ. ಆದರೆ ನಾನೂ ಮೊದಲೇ ಕೇಳಬೇಕಿತ್ತು.

ಕೇಳಲಿಲ್ಲ ಯಾಕೆ? ಸಂಕೋಚ. ಗೊತ್ತಿರುವವರ ಹತ್ತಿರ ರೇಟ್ ಕೇಳಿದರೆ ಅವರ ಮೇಲೆ ನಂಬಿಕೆ ಇಲ್ಲ ಅಂದಂತೆ ಅಂತ ನಮಗೊಂದು ಭಾವನೆ. ಅವರಿಗೂ ಹಾಗೇ. ಮದುವೆ ಮನೆಯಲ್ಲಿ ಬಾಡಿಗೆ ಮಾತಾಡಿದರೆ ದುಡ್ಡಿನ ಆಸೆಯವನು ಅಂದುಕೊಳ್ಳುತ್ತಾರೆ ಅಂತ. ಹೀಗೆ ಇಬ್ಬರೂ ಮರ್ಯಾದೆ ಉಳಿಸಿಕೊಳ್ಳಲು ಹೋಗಿ ರಾತ್ರಿ 11.30ಕ್ಕೆ ಅಂಗಳದಲ್ಲಿ ಮರ್ಯಾದೆ ಕಳೆದುಕೊಂಡೆವು. "ನೀವೇ ನೋಡಿ ಕೊಡಿ" ಎನ್ನುವ ಮಾತನ್ನು ಕೊಡಗಿನ ಟ್ಯಾಕ್ಸಿ ವ್ಯವಹಾರದಿಂದಲೇ ತೆಗೆದುಹಾಕಬೇಕು ಅಂತ ನಾನು ಇಷ್ಟು ಉದ್ದ ಬರೆಯುತ್ತಿರುವುದು ಅದಕ್ಕೇ.

ಮದುವೆಗೆ ನ್ಯೂಜೆರ್ಸಿಯಿಂದ ಬಂದಿದ್ದ ಅಕ್ಕನ ಮಗ ಈ ಜಗಳ ನೋಡಿ ನಗುತ್ತಾ ಫೋನಿನಲ್ಲಿ ಒಂದು ಕಾಗದ ತೋರಿಸಿದ. ಅಲ್ಲಿ ಅವನ ಗೆಳೆಯನ ಮದುವೆಗೆ ಲಿಮೋಸಿನ್ ತರಿಸಿದ್ದರಂತೆ. ಆ ಉದ್ದನೆಯ ಕಾರಿಗೆ ಎರಡು ಪುಟ ಷರತ್ತು. ಕಡಿಮೆ ಅಂದರೂ 4 ಗಂಟೆಯ ಬಾಡಿಗೆ ಕೊಡಲೇಬೇಕು. ಆಮೇಲೆ ಅರ್ಧ ಗಂಟೆಗೆ ಇಷ್ಟು. ಡ್ರೈವರ್ ಟಿಪ್ಸ್ 20 ಪರ್ಸೆಂಟ್, ಅದೂ ಬಿಲ್ಲಿನಲ್ಲೇ. ಒಳಗೆ ಸಿಗರೇಟ್ ಸೇದಿದರೆ ದಂಡ, ಯಾರಾದರೂ ವಾಂತಿ ಮಾಡಿದರೆ ತೊಳೆಯುವ ಖರ್ಚು. ಎಷ್ಟು ದಿನ ಮೊದಲು ಬೇಡ ಅಂದರೆ ಅಡ್ವಾನ್ಸ್ ವಾಪಸ್, ಯಾವಾಗ ಅಂದರೆ ಇಲ್ಲ. ಓದಿ ನನಗೆ ಮೊದಲು ನಗು ಬಂತು. ಟಿಪ್ಸನ್ನೂ ಬರೆದಿಡುವ ಜನ! ಆಮೇಲೆ ಅನಿಸಿತು, ಆ ಡ್ರೈವರ್ ರಾತ್ರಿ ಯಾರ ಅಂಗಳದಲ್ಲೂ ನೆಲ ನೋಡುತ್ತಾ ನಿಲ್ಲಬೇಕಾಗಿಲ್ಲ.

ಆ ಕಾಗದವನ್ನು ಹಾಗೇ ತಂದರೆ ನಮ್ಮಲ್ಲಿ ನಡೆಯುವುದಿಲ್ಲ ಬಿಡಿ. ನಮ್ಮ ರಸ್ತೆ ಬೇರೆ. ಈ ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ. ಬಸ್ಸು ತಪ್ಪಿದರೆ ಟ್ಯಾಕ್ಸಿ, ಇಲ್ಲ ಅಂದರೆ ಯಾರದ್ದಾದರೂ ಎಸ್ಟೇಟ್ ಜೀಪ್. ಬೆಂಗಳೂರಿನಿಂದ ಬಂದವರು ಆ್ಯಪ್ ತೆರೆದು ಮಡಿಕೇರಿಯಲ್ಲಿ ಗಾಡಿ ಹುಡುಕುವುದನ್ನು ನೋಡಿದರೆ ಪಾಪ ಅನಿಸುತ್ತದೆ. ಸರ್ಕಾರ 2024ರ ಜನವರಿಯಲ್ಲಿ ನಗರದ ಟ್ಯಾಕ್ಸಿಗಳಿಗೆ ಒಂದೇ ದರ ಅಂತ ಮಾಡಿತು. 10 ಲಕ್ಷದೊಳಗಿನ ಗಾಡಿಗೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ಆಮೇಲೆ ಕಿ.ಮೀ.ಗೆ 24. ಕಾಯುವುದಕ್ಕೆ ಮೊದಲ 5 ನಿಮಿಷ ಬಿಟ್ಟು ನಿಮಿಷಕ್ಕೆ 1 ರೂಪಾಯಿ. ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ 10 ಪರ್ಸೆಂಟ್ ಜಾಸ್ತಿ. ಊರೊಳಗೆ ಹತ್ತಿ ಊರೊಳಗೇ ಇಳಿಯುವವರಿಗೆ ಇದು ಸರಿ. ಮಡಿಕೇರಿಯಿಂದ ತಲಕಾವೇರಿಗೆ ಹೋಗಿ ಬರುವವರಿಗೆ? ಕಿಲೋಮೀಟರ್ ನೋಡಿದರೆ 100ರ ಆಸುಪಾಸು. ಹೊತ್ತು ನೋಡಿದರೆ ಅರ್ಧ ದಿನಕ್ಕಿಂತ ಜಾಸ್ತಿ. ಭಾಗಮಂಡಲದಲ್ಲಿ ಸಂಗಮದ ಸ್ನಾನ, ಪೂಜೆ, ಊಟ, ಮೇಲೆ ಮಂಜು ಬಿಟ್ಟ ಮೇಲೆ ಫೋಟೋ. ಇಲ್ಲಿ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಹಾಗಾಗಿ ನಮ್ಮ ಕಡೆ ಗಂಟೆ ಲೆಕ್ಕವೇ ನ್ಯಾಯ ಅಂತ ನನ್ನ ಅಭಿಪ್ರಾಯ. ಕಿ.ಮೀ. ಲೆಕ್ಕ ಮಾತ್ರ ಹಿಡಿದುಕೊಂಡು "ಇಷ್ಟೇ ಅಲ್ವಾ ಓಡಿದ್ದು" ಅನ್ನುವುದು ಗಿರಾಕಿಗಳ ಜಾಣತನ.

ಹೊರಜಿಲ್ಲೆಗೆ ಹೋಗುವಾಗ ಜಗಳ ಆಗುವುದು ಬೇರೆ ಕಾರಣಕ್ಕೆ. ದಿನಕ್ಕೆ ಇಷ್ಟು ಕಿ.ಮೀ. ಅಂತ ಒಂದು ಮಿನಿಮಮ್ ಇರುತ್ತದೆ, ಕೆಲವರು 250, ಕೆಲವರು 300. ನೀವು 180 ಓಡಿಸಿದರೂ 250ರ ದುಡ್ಡು. ಮೋಸ ಅನಿಸುತ್ತದೆ. ಆದರೆ ಮೈಸೂರಿಗೆ ಬಿಟ್ಟು ಬರುವ ಗಾಡಿ 120 ಕಿ.ಮೀ. ಖಾಲಿ ವಾಪಸ್ ಬರಬೇಕು, ಅವತ್ತು ಇನ್ನೊಂದು ಬಾಡಿಗೆಯೂ ಸಿಗುವುದಿಲ್ಲ. ಅದನ್ನು ಒಪ್ಪುತ್ತೇನೆ. ಒಪ್ಪದೇ ಇರುವುದು ದಿನದ ಲೆಕ್ಕ. ಹಲವರಿಗೆ ರಾತ್ರಿ 12 ದಾಟಿದರೆ ಇನ್ನೊಂದು ದಿನ. ಬೆಂಗಳೂರಿನಿಂದ ರಾತ್ರಿ 10ಕ್ಕೆ ಹೊರಟು ಬೆಳಗಿನ ಜಾವ ಕುಶಾಲನಗರ ತಲುಪಿದರೆ ಎರಡು ದಿನದ ಮಿನಿಮಮ್! ನನ್ನ ಗೆಳತಿಗೆ ಹೀಗೇ ಆಯಿತು, 500 ಕಿ.ಮೀ. ಬಿಲ್. ಹೊರಟ ಹೊತ್ತಿನಿಂದ 24 ಗಂಟೆ ಲೆಕ್ಕ ಹಿಡಿಯುವವರೂ ಇದ್ದಾರೆ. ಯಾವ ಲೆಕ್ಕ ಅಂತ ಒಂದು ಮಾತು ಕೇಳಿದರೆ ಸಾಕು. ಮೀಟರ್ ಎಲ್ಲಿಂದ ಶುರು ಅಂತಲೂ ಕೇಳಿ. ನಿಮ್ಮ ಗೇಟಿನಿಂದಲೋ, ಅವರ ಶೆಡ್ಡಿನಿಂದಲೋ. ನೀವು ಕೇರಳ ಗಡಿಯ ಕುಟ್ಟದಲ್ಲಿ, ಗಾಡಿ ಮಡಿಕೇರಿಯದ್ದು ಅಂದರೆ ಇದು ಸಣ್ಣ ವಿಷಯ ಅಲ್ಲ.

ಘಾಟ್ ವಿಷಯಕ್ಕೆ ಬಂದರೆ ಎಸಿ ಮತ್ತು ವಾಂತಿ. ಏರು ರಸ್ತೆಯಲ್ಲಿ ಎಸಿ ಹಾಕುವುದಿಲ್ಲ ಅಂತ ಕೆಲವರು ಕರಾರು ಹೇಳುತ್ತಾರೆ. ಮಂಗಳೂರು ದಾರಿಯ ಸಂಪಾಜೆ ಕೆಳಗಿನ ಸೆಕೆಯಲ್ಲಿ ಎಸಿ ಬಂದ್ ಮಾಡಿದರೆ ಹಿಂದೆ ಕೂತ ಮಕ್ಕಳ ಕಥೆ ಏನು? ಮಕ್ಕಳ ಕಥೆ ಆಮೇಲೆ ಸೀಟಿನ ಕಥೆ ಆಗುತ್ತದೆ. ತೊಳೆಸಲು 500 ಕೇಳಿದರೆ ನಾವು ಮಗುವಿನ ವಾಂತಿಗೂ ದುಡ್ಡಾ ಅನ್ನುತ್ತೇವೆ. ಆದರೆ ಆ ವಾಸನೆಯಲ್ಲಿ ಮರುದಿನ ಬೇರೆಯವರು ಕೂರುವುದಿಲ್ಲ, ಅವರಿಗೆ ಒಂದು ದಿನದ ಬಾಡಿಗೆ ಹೋಯಿತು. ಲಿಮೋಸಿನ್‌ನವನು ಬರೆದದ್ದು ಇದನ್ನೇ ಅಲ್ವಾ. ನಾನೀಗ ತಿರುವು ಶುರುವಾಗುವ ಮೊದಲೇ ಮಕ್ಕಳ ಕೈಗೆ ಕವರ್ ಕೊಡುತ್ತೇನೆ, ಒಂದು ನಿಂಬೆಹಣ್ಣೂ.

ಮಳೆಗಾಲದ ಕರಾರು ಮಾತ್ರ ಯಾರೂ ಮಾತಾಡುವುದಿಲ್ಲ. 2018ರಲ್ಲಿ ಕೇರಳಕ್ಕೆ ಇಳಿಯುವ ಮಾಕುಟ್ಟ ಕಡೆಯೂ, ಆಮೇಲೆ ಮಡಿಕೇರಿ–ಸಂಪಾಜೆ ಕಡೆಯೂ ಗುಡ್ಡ ಕುಸಿದು ರಸ್ತೆ ಮುಚ್ಚಿದ್ದನ್ನು ಮರೆತಿಲ್ಲ. ಹೊರಟ ಮೇಲೆ ದಾರಿ ಬಂದ್ ಅಂತ ಗೊತ್ತಾದರೆ ಸುತ್ತಿ ಹೋಗುವ ಕಿ.ಮೀ. ಯಾರ ತಲೆಗೆ? ವಾಪಸ್ ತಿರುಗಿದರೆ ಅಡ್ವಾನ್ಸ್ ಏನಾಗುತ್ತದೆ? ನಾಗರಹೊಳೆ ಕಾಡಿನ ರಸ್ತೆಯೂ ಹಾಗೆ. ಸಂಜೆ ಗೇಟ್ ಹಾಕಿದ ಮೇಲೆ ಕುಟ್ಟದವರು ಹುಣಸೂರಿಗೆ ಗೋಣಿಕೊಪ್ಪ, ತಿತಿಮತಿ ಸುತ್ತಿಯೇ ಹೋಗಬೇಕು. ಗೇಟಿನ ಹತ್ತಿರ ಹೋಗಿ ನಿಂತು ಜಗಳ ಮಾಡುವ ಬದಲು ಫೋನಿನಲ್ಲೇ ತೀರ್ಮಾನ ಆಗಲಿ. ಮಾಂದಲಪಟ್ಟಿ ಬೆಟ್ಟಕ್ಕೂ ಇದೇ. ಮೇಲಿನ ದಾರಿಗೆ ಜೀಪೇ ಬೇಕು, ನಿಮ್ಮ ಟ್ಯಾಕ್ಸಿ ಕೆಳಗೇ ಕಾಯುತ್ತದೆ. ಜೀಪಿನ ದುಡ್ಡು ಟ್ಯಾಕ್ಸಿ ಪ್ಯಾಕೇಜಿನಲ್ಲಿ ಇದೆ ಅಂದುಕೊಂಡು ಬಂದವರು ಅಲ್ಲಿ ಡ್ರೈವರ್ ಮೇಲೆ ರೇಗುವುದನ್ನು ಎಷ್ಟು ಸಲ ನೋಡಿದ್ದೇನೋ.

ವೈಟ್ ಬೋರ್ಡ್, ಅಂದರೆ ಬಿಳಿ ನಂಬರ್ ಪ್ಲೇಟಿನ ಸ್ವಂತ ಕಾರು, ಅದರ ಬಗ್ಗೆ ನನ್ನದೇ ತಪ್ಪು ಹೇಳುತ್ತೇನೆ. 2018ರ ಕೊನೆಗೆ ಕಣ್ಣೂರು ವಿಮಾನ ನಿಲ್ದಾಣ ಆದ ಮೇಲೆ ವಿರಾಜಪೇಟೆ ಕಡೆಯ ನಮಗೆ ಅದೇ ಹತ್ತಿರ, 60 ಕಿ.ಮೀ. ಆಸುಪಾಸು. ಒಮ್ಮೆ ತಂಗಿಯನ್ನು ಕರೆತರಲು ಪರಿಚಯದವರ ಸ್ವಂತ ಕಾರನ್ನೇ ಬಾಡಿಗೆಗೆ ಮಾತಾಡಿದೆ. ಟ್ಯಾಕ್ಸಿಗಿಂತ 800 ರೂಪಾಯಿ ಕಡಿಮೆ. ಗಡಿ ದಾಟಿದ ಮೇಲೆ ತಪಾಸಣೆಗೆ ನಿಲ್ಲಿಸಿದರು. "ಯಾರ ಕಾರು, ಬಾಡಿಗೆಯಾ?" ಅಂತ ತಂಗಿಯನ್ನು ಕೇಳಿದರೆ ಅವಳು ಸತ್ಯ ಹೇಳಿಬಿಟ್ಟಳು! ಒಂದೂವರೆ ಗಂಟೆ ರಸ್ತೆ ಬದಿಯಲ್ಲಿ, ಮಳೆಯಲ್ಲಿ. ದಂಡ ಕಟ್ಟಿದ್ದು ನಾನು. ಪರ್ಮಿಟ್ ಇಲ್ಲದೆ ಸ್ವಂತ ಕಾರನ್ನು ಬಾಡಿಗೆಗೆ ಓಡಿಸುವುದು 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ತಪ್ಪು. ಅದಕ್ಕಿಂತ ಹೆದರಿಕೆಯ ವಿಷಯ ಇನ್ಶೂರೆನ್ಸ್. ಸ್ವಂತ ಬಳಕೆಯ ಪಾಲಿಸಿ ಇರುವ ಗಾಡಿ ಬಾಡಿಗೆಯಲ್ಲಿರುವಾಗ ಅಪಘಾತ ಆದರೆ ಕಂಪನಿ ತಗಾದೆ ತೆಗೆಯುತ್ತದೆ. ಮಾಕುಟ್ಟದ ತಿರುವುಗಳನ್ನು ನೆನೆಸಿಕೊಂಡರೆ 800 ರೂಪಾಯಿ ಉಳಿತಾಯ ಅಂತ ಹೇಳಲು ಈಗ ಬಾಯಿ ಬರುವುದಿಲ್ಲ. ಹಳದಿ ಬೋರ್ಡ್‌ನಲ್ಲಿ ಕಪ್ಪು ಅಕ್ಷರ ಇದ್ದರೆ ಟ್ಯಾಕ್ಸಿ, ಕಪ್ಪು ಬೋರ್ಡ್‌ನಲ್ಲಿ ಹಳದಿ ಅಕ್ಷರ ಇದ್ದರೆ ನೀವೇ ಓಡಿಸಲು ಕೊಡುವ ಬಾಡಿಗೆ ಕಾರು. ಕೇರಳಕ್ಕೆ ಹೋಗುವುದಾದರೆ ಟ್ಯಾಕ್ಸಿಯಾದರೂ ಅಲ್ಲಿಗೆ ಪರ್ಮಿಟ್, ಟ್ಯಾಕ್ಸ್ ಆಗಿದೆಯಾ ಅಂತ ಕೇಳಿಯೇ ಹತ್ತಿ.

ಕ್ಯಾನ್ಸಲ್ ಮಾಡುವುದರಲ್ಲಿ ಎರಡೂ ಕಡೆಯವರು ಕಳ್ಳರೇ. ನಾವು ಮೂರು ಜನರಿಗೆ ಹೇಳಿಟ್ಟು ಕಡಿಮೆ ಹೇಳಿದವನನ್ನು ಕರೆದು ಉಳಿದವರ ಫೋನ್ ಎತ್ತುವುದಿಲ್ಲ. ಅವರು ದಸರಾ ಹೊತ್ತಿಗೆ, ಡಿಸೆಂಬರ್ ಕೊನೆಗೆ, ಒಳ್ಳೆ ಬಾಡಿಗೆ ಸಿಕ್ಕಿದರೆ ಹಿಂದಿನ ರಾತ್ರಿ "ಗಾಡಿ ವರ್ಕ್‌ಶಾಪಲ್ಲಿದೆ ಅಕ್ಕ" ಅನ್ನುತ್ತಾರೆ. ಆ ವರ್ಕ್‌ಶಾಪಿನಲ್ಲಿರುವ ಗಾಡಿಯನ್ನು ನಾನು ಮರುದಿನ ಮಡಿಕೇರಿಯ ರಾಜಾಸೀಟ್ ಹತ್ತಿರ ನೋಡಿದ್ದೂ ಇದೆ. ನಾವು ಬೇಡ ಅಂದರೆ ಅಡ್ವಾನ್ಸ್ ಹೋಗುತ್ತದೆ, ಸರಿ. ಅವರು ಬರುವುದಿಲ್ಲ ಅಂದರೆ ಅಡ್ವಾನ್ಸ್ ವಾಪಸ್ ಮಾತ್ರವಾ? ಅದರ ಮೇಲೆ ಅಷ್ಟೇ ದುಡ್ಡು ಸೇರಿಸಿ ಕೊಡಬೇಕು ಅಂತ ಒಬ್ಬರಿಗೆ ಹೇಳಿ ನೋಡಿದೆ. ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಇನ್ನು ಡ್ರೈವರ್ ಮಲಗುವ ವಿಷಯ. ಹೋಂಸ್ಟೇಗೆ ಬಂದವರಿಗೆ ಬಿಸಿನೀರು, ಕ್ಯಾಂಪ್‌ಫೈರ್, ಪಂದಿ ಕರಿ, ಕಡಂಬುಟ್ಟು. ಕರೆದುಕೊಂಡು ಬಂದವರು ಜುಲೈ ಚಳಿಯಲ್ಲಿ ಗಾಜು ಏರಿಸಿಕೊಂಡು ಕಾರಿನಲ್ಲೇ ಮಲಗುತ್ತಾರೆ. ಬಾಟಾ ಕೊಟ್ಟಿದ್ದೇವಲ್ಲ ಅನ್ನುತ್ತೇವೆ. 400, 500 ರೂಪಾಯಿಯಲ್ಲಿ ಊಟ ಆಗುತ್ತದೆ, ಸೀಸನ್‌ನಲ್ಲಿ ರೂಮ್ ಸಿಗುವುದಿಲ್ಲ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ ಕೆಲಸ ಅನ್ನುತ್ತಿತ್ತು. ಒಂದೇ ಗಾಡಿ ಇಟ್ಟುಕೊಂಡು ತಾನೇ ಮಾಲೀಕ, ತಾನೇ ಡ್ರೈವರ್ ಆಗಿರುವವರಿಗೆ ಆ ಲೆಕ್ಕ ಯಾರು ಹೇಳಬೇಕು? ಮದುವೆ ದಿನ ನಮ್ಮವರು 17.5 ಗಂಟೆ ಎಚ್ಚರ ಇದ್ದು, ಆಮೇಲೆ ಒಬ್ಬರೇ ಮಂಜಿನಲ್ಲಿ ಮನೆಗೆ ಗಾಡಿ ಓಡಿಸಿಕೊಂಡು ಹೋದರು. ನಾವು ಬೈದು ಕಳಿಸಿದ ಮೇಲೆ. ಇದನ್ನು ಬರೆಯುವಾಗಲೂ ನನಗೆ ಸರಿ ಅನಿಸುತ್ತಿಲ್ಲ.

ಮರುವಾರ ಸ್ಟ್ಯಾಂಡಿಗೆ ಹೋಗಿ ಆ ಡ್ರೈವರಿಗೆ ಬಾಕಿ ದುಡ್ಡು ಕೊಟ್ಟೆ. ತೆಗೆದುಕೊಳ್ಳುವುದಿಲ್ಲ ಅಂದರು, ಆಮೇಲೆ ತೆಗೆದುಕೊಂಡರು. ಲೆಕ್ಕ ಬರೆದ ಚೀಟಿಯನ್ನೂ ಕೊಟ್ಟೆ. ಓದಿ "ಇಷ್ಟೆಲ್ಲ ಬರೆದು ಕೊಟ್ಟರೆ ಗಿರಾಕಿ ಓಡಿ ಹೋಗ್ತಾರೆ ಅಕ್ಕ" ಅಂದರು. ಓಡಿ ಹೋಗುವವರು ರಾತ್ರಿ 11.30ಕ್ಕೂ ಕೊಡುವುದಿಲ್ಲ ಅಂದೆ. ಅವರು ಏನೂ ಹೇಳಲಿಲ್ಲ.

ಮೊನ್ನೆ ಅತ್ತೆಯವರನ್ನು ಮಂಗಳೂರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಆ ಡ್ರೈವರಿಗೇ ವಾಟ್ಸಾಪ್ ಮಾಡಿದೆ. ಬೆಳಿಗ್ಗೆ 5ಕ್ಕೆ ನಮ್ಮ ಗೇಟಿನಿಂದ. ಸಂಪಾಜೆ ದಾರಿ, ಬಂದ್ ಆಗಿದ್ದರೆ ಸುತ್ತುವ ದುಡ್ಡು ನನ್ನದು. ಎಸಿ ಬೇಕು. ಡಾಕ್ಟರ್ ಎಷ್ಟು ಹೊತ್ತು ಕಾಯಿಸುತ್ತಾರೋ ಗೊತ್ತಿಲ್ಲ, ವೇಟಿಂಗ್ ಗಂಟೆಗೆ ಎಷ್ಟು ಹೇಳಿ. ಟೋಲ್, ಪಾರ್ಕಿಂಗ್ ನನ್ನದು, ಊಟ ನಮ್ಮ ಜೊತೆ. ಅತ್ತೆಗೆ ವಾಂತಿ ಆಗುತ್ತದೆ, ಕವರ್ ತರುತ್ತೇನೆ.

ಹತ್ತು ನಿಮಿಷ ಉತ್ತರ ಇಲ್ಲ. ಆಮೇಲೆ ಒಂದು ವಾಯ್ಸ್ ಮೆಸೇಜ್ ಬಂತು. ರೇಟು, ವೇಟಿಂಗ್, ಬಾಟಾ ಎಲ್ಲ ಒಂದೊಂದಾಗಿ ಹೇಳಿದರು. ಕೊನೆಗೆ ಸ್ವಲ್ಪ ತಡೆದು, "ಗಂಗಾಪೂಜೆ ಏನೂ ಇಲ್ಲ ಅಲ್ವಾ ಅಕ್ಕ?"