ಯೊಕೊಹಾಮಾದಲ್ಲಿ ಬಾಳೆಸಿಪ್ಪೆಯ ಮೆರವಣಿಗೆ

ಜಪಾನಿನ ಯೊಕೊಹಾಮಾ ನಗರದ ಸಕುರಗಿಚೊ ರೈಲು ನಿಲ್ದಾಣದಿಂದ ಹೊರಬಿದ್ದು, ಬಂದರಿನ ಗಾಳಿಗೆ ಮುಖವೊಡ್ಡಿ ಎರಡು ಬಾಳೆಹಣ್ಣು ತಿಂದದ್ದೇ ಆ ದಿನ ನಾನು ಮಾಡಿದ ಮೊದಲ ತಪ್ಪು. ಸಸ್ಯಾಹಾರಿಯಾದ ನಾನು, ಸಾರು ನೋಡಲು ಎಷ್ಟೇ ಸಾತ್ವಿಕವಾಗಿದ್ದರೂ ತಳದಲ್ಲಿ ಮೀನಿನ ರಸವಿರಬಹುದೆಂಬ ಭಯದಿಂದ ಬಾಳೆಹಣ್ಣಿಗೆ ಶರಣಾಗಿದ್ದೆ. ಹೊಟ್ಟೆ ತುಂಬಿತು, ಸಿಪ್ಪೆ ಕೈಯಲ್ಲೇ ಉಳಿಯಿತು.

ಮಿನಾತೊ ಮಿರಾಯಿ ಎಂದರೆ ‘ಭವಿಷ್ಯದ ಬಂದರು’. ಹಡಗು ಕಟ್ಟೆಯೂ ಸರಕು ರೈಲಿನ ಅಂಗಳವೂ ಇದ್ದ ಜಾಗದಲ್ಲಿ ಎಬ್ಬಿಸಿದ ಈ ಬಡಾವಣೆಯ ಭವಿಷ್ಯದಲ್ಲಿ ಕಸದ ಡಬ್ಬಿಗೆ ಪಾಲಿಲ್ಲವೆಂಬುದು ಅರ್ಧ ಗಂಟೆಯಲ್ಲೇ ಅರಿವಾಯಿತು. ಪಾನೀಯ ಮಾರುವ ಯಂತ್ರದ ಪಕ್ಕದಲ್ಲಿ ಕಂಡ ಡಬ್ಬಿಯ ದುಂಡು ತೂತು ಖಾಲಿ ಬಾಟಲಿಗೆ ಮಾತ್ರ ಮೀಸಲು. ನಮ್ಮ ಮಲ್ಲೇಶ್ವರದಲ್ಲಾದರೆ ತಿರುವಿನಲ್ಲೊಂದು ಹಸು ಎದುರಾಗಿ, ಸಿಪ್ಪೆಯ ಜೊತೆಗೆ ನನ್ನ ಪುಣ್ಯದ ಲೆಕ್ಕವನ್ನೂ ನೋಡಿಕೊಳ್ಳುತ್ತಿತ್ತು.

ಸಿಪ್ಪೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಹಳೆಯ ರೈಲು ಹಳಿಗಳನ್ನು ಹಾಗೆಯೇ ಉಳಿಸಿಕೊಂಡಿರುವ ಕಿಶಾಮಿಚಿ ಕಾಲುದಾರಿಯಲ್ಲಿ ಅದರೊಂದಿಗೆ ವಿಹಾರ ಮಾಡಿದೆ. 1930ರ ನಿಪ್ಪಾನ್ ಮಾರು ಹಾಯಿಹಡಗನ್ನು ಇಬ್ಬರೂ ನೋಡಿದೆವು. 296 ಮೀಟರ್ ಎತ್ತರದ ಲ್ಯಾಂಡ್‌ಮಾರ್ಕ್ ಗೋಪುರದ ಲಿಫ್ಟ್ ಸುಮಾರು ನಲವತ್ತು ಸೆಕೆಂಡಿನಲ್ಲಿ ನಮ್ಮನ್ನು 69ನೇ ಮಹಡಿಗೆ ಎತ್ತಿಹಾಕಿತು. ಕಿವಿ ಗಪ್ಪೆಂದಿತು, ಫ್ಯೂಜಿ ಪರ್ವತ ಮೋಡದ ಮುಸುಕೆಳೆದುಕೊಂಡಿತ್ತು. ಇಂಥ ಎತ್ತರವನ್ನು ಕಂಡ ಬಾಳೆಸಿಪ್ಪೆಗಳು ಹೆಚ್ಚಿರಲಾರವು. ಶತಮಾನ ದಾಟಿದ ಕೆಂಪು ಇಟ್ಟಿಗೆಯ ಉಗ್ರಾಣಗಳನ್ನು ಮಾತ್ರ ನಾನು ಸರಿಯಾಗಿ ನೋಡಲಿಲ್ಲ. ಕಣ್ಣು ಮೂಲೆಮೂಲೆಗಳಲ್ಲಿ ಡಬ್ಬಿ ಹುಡುಕುತ್ತಿತ್ತು.

ಸಂಜೆ, ನಡುವೆ ಗಡಿಯಾರವಿರುವ ಕಾಸ್ಮೊ ಕ್ಲಾಕ್ ಜಾಯಿಂಟ್ ವೀಲ್ ಹತ್ತಿದೆ. ಒಂದು ಸುತ್ತಿಗೆ ಹದಿನೈದು ನಿಮಿಷ. ಮುಚ್ಚಿದ ತೊಟ್ಟಿಲಿನಲ್ಲಿ ನಾನು, ಎದುರು ಆಸನದಲ್ಲಿ ಅದು, ನಡುವೆ ದಿನವಿಡೀ ಮಾಗಿದ ಪರಿಮಳ. 112.5 ಮೀಟರ್ ಎತ್ತರದಲ್ಲಿ ಬಂದರಿನ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುವುದನ್ನು ನೋಡುತ್ತ ಮೈಮರೆತವನು, ಕೆಳಗಿಳಿದು ಇಪ್ಪತ್ತು ಹೆಜ್ಜೆ ನಡೆದ ಮೇಲಷ್ಟೇ ಕೈ ಹಗುರವಾಗಿರುವುದನ್ನು ಗಮನಿಸಿದೆ. ಮರೆತದ್ದು ನಿಜ, ಹಿಂದಿರುಗಿ ನೋಡದೆ ನಡಿಗೆ ಚುರುಕುಗೊಳಿಸಿದ್ದೂ ಅಷ್ಟೇ ನಿಜ.

ಹಿಂದಿನಿಂದ ಓಡುವ ಹೆಜ್ಜೆಗಳ ಸಪ್ಪಳ ಕೇಳಿಸಿತು. ಅಲ್ಲಿನ ಸಿಬ್ಬಂದಿಯ ತರುಣಿಯೊಬ್ಬರು ಏದುಸಿರು ಬಿಡುತ್ತ ಬಂದು, ಸೊಂಟ ಬಾಗಿಸಿ, ಆ ಚೀಲವನ್ನು ಮಂಗಳಾರತಿಯ ತಟ್ಟೆಯಂತೆ ಎರಡೂ ಕೈಗಳಲ್ಲಿ ಮುಂದೆ ಚಾಚಿದರು. ನಾನೂ ಅಷ್ಟೇ ಬಾಗಿ, ‘ಅರಿಗಾತೊ’ ಎಂದು ಎರಡೂ ಕೈಯೊಡ್ಡಿ ಸ್ವೀಕರಿಸಿದೆ.