ನಸುಗುನ್ನಿ ಪುಡಿ ಇದ್ದರೆ ಮಾತ್ರೆ ಬೇಡವೇ?

"ನಸುಗುನ್ನಿ ಬೀಜದ ಪುಡಿಯನ್ನು ಹಾಲಿನಲ್ಲಿ ಕುಡಿಯಿರಿ, ಕಂಪವಾತ ಬುಡಸಮೇತ ಹೋಗುತ್ತದೆ, ಮಾತ್ರೆ ನಿಲ್ಲಿಸಿ." ಕಾಸರಗೋಡಿನ ಬದಿಯಡ್ಕದ ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೂ ಈ ಸಂದೇಶ ಬಂದಿದೆ.

ತೋಟದ ಬೇಲಿಗೆ ಹಬ್ಬುವ, ಕಾಯಿಯ ಕಂದು ರೋಮ ತಾಗಿದರೆ ಮೈಯೆಲ್ಲ ತುರಿಸುವ ಬಳ್ಳಿಯೇ ಇದು, ಮಲಯಾಳದಲ್ಲಿ ನಾಯ್ಕುರಣ. ಇದರ ಬೀಜದಲ್ಲಿ ಲೆವೊಡೋಪಾ ಎಂಬ ರಾಸಾಯನಿಕ ಇರುವುದು ನಿಜ. 1937ರಲ್ಲೇ ಭಾರತೀಯ ವಿಜ್ಞಾನಿಗಳು ಅದನ್ನು ಬೇರ್ಪಡಿಸಿದ್ದರು. ಕಂಪವಾತದ, ಅಂದರೆ ಪಾರ್ಕಿನ್ಸನ್ ರೋಗಿಗಳು ನುಂಗುವ ಮಾತ್ರೆಯಲ್ಲಿರುವುದೂ ಅದೇ. ಮಿದುಳು ಅದನ್ನು ಚಲನೆಯನ್ನು ಹಿಡಿತದಲ್ಲಿಡುವ ಡೋಪಮೈನ್ ಆಗಿ ಬದಲಿಸಿಕೊಳ್ಳುತ್ತದೆ, ನಡುಕ, ಬಿಗಿತ ತಗ್ಗುತ್ತವೆ. ಆದರೆ ಈ ರೋಗದಲ್ಲಿ ಸತ್ತ, ಡೋಪಮೈನ್ ತಯಾರಿಸುವ ನರಕೋಶಗಳು ಮರಳುವುದಿಲ್ಲ. ಪುಡಿಯಿಂದಲೂ ಇಲ್ಲ, ಮಾತ್ರೆಯಿಂದಲೂ ಇಲ್ಲ.

ಲೆವೊಡೋಪಾ ಒಂದನ್ನೇ ತೆಗೆದುಕೊಂಡರೆ ಹೆಚ್ಚಿನ ಪಾಲು ಮಿದುಳು ಮುಟ್ಟುವ ಮೊದಲೇ ಮಾರ್ಪಡುತ್ತದೆ, ವಾಕರಿಕೆ ತರುತ್ತದೆ. ಅದಕ್ಕೆಂದೇ ಮಾತ್ರೆಯಲ್ಲಿ ಈ ಮಾರ್ಪಾಡನ್ನು ತಡೆಯುವ ಕಾರ್ಬಿಡೋಪಾ ಸೇರಿಸುತ್ತಾರೆ. ಪುಡಿಯಲ್ಲಿ ಎಷ್ಟು ಮದ್ದಿದೆ ಎಂಬುದು ಬೀಜದಿಂದ ಬೀಜಕ್ಕೆ ಬೇರೆ. ಚಮಚದ ಲೆಕ್ಕ ನಂಬುವಂಥದ್ದಲ್ಲ.

ನನಗೆ ನಿಜವಾಗಿ ಭಯವಿರುವುದು "ಮಾತ್ರೆ ನಿಲ್ಲಿಸಿ" ಎಂಬ ಮಾತಿನ ಬಗ್ಗೆ. ಥಟ್ಟನೆ ನಿಲ್ಲಿಸಿದರೆ ಮೈ ಮರಗಟ್ಟಿ, ಜ್ವರವೇರಿ ಜೀವಕ್ಕೇ ಅಪಾಯವಾಗಬಹುದು. ಪುಡಿ, ಮಾತ್ರೆ ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ಪ್ರಮಾಣ ಮೀರಿ ಕೈಕಾಲು ತಾವಾಗಿಯೇ ಅಲುಗಾಡಬಹುದು. ಅಜ್ಜ ಈಗಾಗಲೇ ಪುಡಿ ಕುಡಿಯುತ್ತಿದ್ದರೆ ಬೈಯಬೇಡಿ, ಡಬ್ಬಿಯನ್ನೇ ಎತ್ತಿಕೊಂಡು ಹೋಗಿ ನರರೋಗ ವೈದ್ಯರಿಗೆ ತೋರಿಸಿ.